ಪಿತ್ರಾರ್ಜಿತವೂ ಅಲ್ಲ, ಸ್ವಯಾರ್ಜಿತವೂ ಅಲ್ಲ

ಕಾಯಿಲೆಯವರನ್ನು ನೋಡಲು ಹೋದವರು ಕಾಫಿ ಕುಡಿದು ಮುಗಿಸಿದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. "ನಿಮ್ಮ ಮನೆತನದಲ್ಲಿ ಯಾರಿಗಾದರೂ ಇದು ಇತ್ತೇ?" ಎಂಬುದು ಒಂದು, "ಊಟ ತಿಂಡಿಯಲ್ಲಿ ಏನಾದರೂ ಹೆಚ್ಚುಕಡಮೆಯಾಯಿತೇ?" ಎಂಬುದು ಇನ್ನೊಂದು. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಎರಡರ ಹಿಂದೆಯೂ ಒಂದೇ ನಂಬಿಕೆಯುಂಟು: ರೋಗವೂ ಆಸ್ತಿಯ ಹಾಗೆಯೇ, ಒಂದೋ ಪಿತ್ರಾರ್ಜಿತ, ಇಲ್ಲವೇ ಸ್ವಯಾರ್ಜಿತ. ಎರಡಕ್ಕೂ ಲೆಕ್ಕ ಹೊಂದದಿದ್ದರೆ ಪೂರ್ವಜನ್ಮವಂತೂ ಇದ್ದೇ ಇದೆ.

ಈ ಲೆಕ್ಕವನ್ನು ಕೆಡಿಸುವ ರೋಗವೊಂದನ್ನು 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. 'ವೆಕ್ಸಾಸ್' ಎಂದು ಅದರ ಹೆಸರು. ಬಹುಮಟ್ಟಿಗೆ ಐವತ್ತು ದಾಟಿದ ಗಂಡಸರಿಗೆ ಬರುವಂಥದು. ಮರುಕಳಿಸುವ ಜ್ವರ, ಕಿವಿ ಮೂಗುಗಳಲ್ಲಿ ಬಾವು, ಚರ್ಮದ ಮೇಲೆ ನೋವಿನ ಗಂಟುಗಳು, ಶ್ವಾಸಕೋಶದಲ್ಲಿ ಉರಿಯೂತ, ರಕ್ತಹೀನತೆ. ಚರ್ಮದ ವೈದ್ಯರು ಒಂದು ಹೆಸರು ಹೇಳಿದರೆ, ರಕ್ತದ ವೈದ್ಯರು ಇನ್ನೊಂದು ಹೇಳುತ್ತಿದ್ದರು. ವಿಜ್ಞಾನಿಗಳು ಕಾರಣ ತಿಳಿಯದೆ ಉಳಿದಿದ್ದ 2,500ಕ್ಕೂ ಹೆಚ್ಚು ರೋಗಿಗಳಲ್ಲಿ ಸಮಾನ ಲಕ್ಷಣಗಳನ್ನು ಹುಡುಕುವುದು ಬಿಟ್ಟು, ಸಮಾನ ವಂಶವಾಹಿದೋಷವನ್ನು ಹುಡುಕಿದರು. ಮೊದಲು ಮೂವರಲ್ಲಿ ಸಿಕ್ಕಿತು. ಪ್ರಕಟವಾದ ವರದಿಯ ವೇಳೆಗೆ ಇಪ್ಪತ್ತೈದು ಗಂಡಸರಾಗಿದ್ದರು.

ವಂಶವಾಹಿ ಎಂದು ನಾವು ಹೆಸರಿಟ್ಟಿದ್ದೇವೆ. ಆದರೆ ಈ ದೋಷ ವಂಶದಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಮೂಲಕೋಶಗಳು ಜೀವಮಾನವಿಡೀ ಒಡೆದು ಎರಡಾಗುತ್ತಿರುತ್ತವೆ. ಪ್ರತಿ ಸಲವೂ ಒಳಗಿನ ಬರಹದ ನಕಲು ಆಗಬೇಕು. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪಿನಿಂದಲೇ ಬಲ ಪಡೆದ ಕೋಶವೊಂದು ತನ್ನ ಸಂತತಿಯನ್ನು ರಕ್ತದ ತುಂಬ ಹರಡುತ್ತದೆ.

ವೆಕ್ಸಾಸ್ ಅಪರೂಪ. ಆದರೆ ಅದರ ಸೌಮ್ಯ ಸೋದರರು ಅಪರೂಪವಲ್ಲ. ಎಪ್ಪತ್ತು ದಾಟಿದವರಲ್ಲಿ ಸುಮಾರು ಹತ್ತರಲ್ಲೊಬ್ಬರ ರಕ್ತದಲ್ಲಿ ಇಂಥ ಮಾರ್ಪಾಡು ಇರುವುದೆಂದು 2014ರ ಅಧ್ಯಯನಗಳು ತೋರಿಸಿದವು. ಅನೇಕರಿಗೆ ಅದರ ಸುಳಿವೂ ಹತ್ತುವುದಿಲ್ಲ. ಆದರೆ ಅಂಥವರಿಗೆ ಹೃದಯದ ರಕ್ತನಾಳದ ಬೇನೆಯ ಭಯ ಹೆಚ್ಚುಕಡಮೆ ಇಮ್ಮಡಿಯೆಂದು 2017ರಲ್ಲಿ ತಿಳಿದುಬಂತು. ಧೂಮಪಾನ ಕೆಲವು ಮಾರ್ಪಾಡುಗಳಿಗೆ ಇಂಬು ಕೊಡುವುದುಂಟು. ಆದರೂ ಎಲ್ಲಕ್ಕಿಂತ ದೊಡ್ಡ ಕಾರಣ ಬರಿಯ ಕಾಲ.

ಹಾಗಾದರೆ ತಪ್ಪು ಯಾರದು? ಯಾರದೂ ಅಲ್ಲ. ಈ ಉತ್ತರ ನಮಗೆ ರುಚಿಸುವುದಿಲ್ಲ. ರೋಗಿಯ ತಪ್ಪು ಸಿಕ್ಕಿಬಿಟ್ಟರೆ ನೋಡಲು ಹೋದವನಿಗೆ ಒಂದು ಸಮಾಧಾನ: 'ನಾನು ಹಾಗೆ ಮಾಡಿಲ್ಲ, ನನಗೆ ಬರಲಾರದು.' ಆ ಎರಡು ಪ್ರಶ್ನೆಗಳನ್ನು ನಾವು ಕೇಳುವುದು ಅವನಿಗಾಗಿ ಅಲ್ಲವೇನೋ, ನಮಗಾಗಿ.

ತಪ್ಪಿಲ್ಲವೆಂದಮೇಲೆ "ವಯಸ್ಸಾಯಿತು, ಏನು ಮಾಡಲಾದೀತು?" ಎಂದು ಎದ್ದು ಬರುವುದು ಇನ್ನೊಂದು ಸುಲಭದ ದಾರಿ. ಅದೂ ನ್ಯಾಯವಲ್ಲ. ಆ ಮಾತಿಗೆ ವಿಜ್ಞಾನಿಗಳು ತೃಪ್ತರಾಗಿದ್ದರೆ ವೆಕ್ಸಾಸ್ ಇಂದಿಗೂ ಹೆಸರಿಲ್ಲದ ನರಳಾಟವಾಗಿಯೇ ಉಳಿಯುತ್ತಿತ್ತು. ಈಗ ಸ್ಟೀರಾಯ್ಡ್ ಔಷಧಗಳಿಂದ ಉರಿ ತಗ್ಗಿಸಬಹುದು. ಕೆಲವರಿಗೆ ಬೇರೊಬ್ಬರ ಮಜ್ಜೆಯನ್ನು ಕಸಿ ಮಾಡಿ ಗುಣಪಡಿಸಿದ್ದೂ ಉಂಟು. ಕಾರಣವನ್ನು ಹುಡುಕುವುದು ಬೇರೆ, ಅಪರಾಧಿಯನ್ನು ಹುಡುಕುವುದು ಬೇರೆ. ಮೊದಲನೆಯದು ವೈದ್ಯರ ಧರ್ಮ. ಎರಡನೆಯದನ್ನು ನಾವು ಬಿಡಬಹುದು.

ಮುಂದಿನ ಸಲ ಕಾಯಿಲೆಯವರ ಮನೆಗೆ ಹೋದಾಗ "ರಾತ್ರಿ ನಿದ್ದೆ ಬಂತೇ?" ಎಂದು ಕೇಳಿದರೆ ಸಾಕು.