ಏಳು ಬೀಜಗಳ ಋಣ

ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ಮೂಡಿಗೆರೆ, ಕಳಸಗಳ ಮಾರ್ಗವಾಗಿ ಹೊರನಾಡಿಗೆ ಹೋದರೆ, ಬೆಟ್ಟದ ಇಳಿಜಾರೆಲ್ಲ ಕಾಫಿಯ ಬಿಳಿಯ ಹೂವಿನಿಂದ ತುಂಬಿರುವುದನ್ನು ಕಾಣುವಿರಿ. ಈ ಗಿಡ ಇಲ್ಲಿಯದೇ ಎಂದು ನಮ್ಮ ಮಕ್ಕಳು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಇಥಿಯೋಪಿಯದ ಕಾಡಿನಲ್ಲಿ ಹುಟ್ಟಿ, ಯೆಮನ್ನಿನಲ್ಲಿ ಕೃಷಿಗೆ ಒಳಪಟ್ಟು, ಅಲ್ಲಿಂದ ಇಲ್ಲಿಗೆ ಬಂದುದು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಹಜ್ ಯಾತ್ರೆಯಿಂದ ಮರಳುವಾಗ ಮೋಖಾ ಬಂದರಿನಿಂದ ಏಳು ಬೀಜಗಳನ್ನು ಮರೆಮಾಡಿಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಮೊಳೆಯಬಲ್ಲ ಬೀಜ ಹೊರಗೆ ಹೋಗಬಾರದೆಂದು ಅಲ್ಲಿ ಕಟ್ಟುಪಾಡಿತ್ತಂತೆ, ಆದ್ದರಿಂದಲೇ ಮರೆಮಾಡಬೇಕಾಯಿತು.

ಪ್ರತಿಯೊಂದು ನಾಡೂ ತನ್ನ ಆರಂಭದ ಕಥೆಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಾವೂ ಇದನ್ನು ಹಾಗೆಯೇ ಹೇಳುತ್ತ ಬಂದಿದ್ದೇವೆ. ಆದರೆ ಕದಿಯಲಾಗದೆಂಬುದನ್ನು ಶರಣಧರ್ಮದ ಮೊದಲ ಪಾಠವಾಗಿ ಕಲಿತವರು ನಾವು. ಹಾಗಾದರೆ ಈ ಏಳು ಬೀಜಗಳನ್ನು ಏನೆಂದು ಕರೆಯೋಣ?

ಬೀಜ ಪ್ರಕೃತಿಯದು, ಏಳು ಬೀಜ ತಂದುದರಿಂದ ಯೆಮನ್ನಿನ ಒಂದು ಗಿಡವೂ ಕಡಿಮೆಯಾಗಲಿಲ್ಲ, ಆದ್ದರಿಂದ ಅದು ಕಳವಲ್ಲ ಎಂದು ವಾದಿಸುವವರುಂಟು. ವಿಶ್ವವಿದ್ಯಾನಿಲಯದ ತರ್ಕದ ತರಗತಿಯಲ್ಲಿ ನಾವೂ ಹೀಗೆಯೇ ವಾದಿಸಿ ಮೆಚ್ಚುಗೆ ಪಡೆದದ್ದುಂಟು. ಈಗ ಅಷ್ಟು ಸುಲಭವಾಗಿ ಒಪ್ಪಲು ಮನಸ್ಸು ಬಾರದು. 1696ರಲ್ಲಿಯೂ 1699ರಲ್ಲಿಯೂ ಡಚ್ಚರು ಮಲಬಾರ್ ತೀರದಿಂದ ಕಾಫಿಯನ್ನು ಜಾವಾಕ್ಕೆ ಒಯ್ದರು. 1706ರಲ್ಲಿ ಅಲ್ಲಿಂದ ಆಮ್‌ಸ್ಟರ್‌ಡಾಮ್ ಸೇರಿದ ಗಿಡದ ಸಂತತಿ ಅಮೆರಿಕ ಖಂಡಕ್ಕೂ ಹಬ್ಬಿತು. ಜಾವಾದ ಕಾಫಿ ಯೂರೋಪಿನ ಪೇಟೆಯನ್ನು ತುಂಬಿದಂತೆ ಮೋಖಾದ ವ್ಯಾಪಾರ ಕುಗ್ಗಿತು. ಗಿಡ ಕಡಿಮೆಯಾಗಲಿಲ್ಲ, ನಿಜ. ಬೆಳೆದವನ ಅನ್ನ ಕಡಿಮೆಯಾಯಿತು. ಡಚ್ಚರ ವ್ಯಾಪಾರಕ್ಕೆ ಸಂತರನ್ನು ಹೊಣೆ ಮಾಡಲಾಗದು. ಆ ಕಥೆಯಲ್ಲಿ ಅವರು ಬೀಜವನ್ನು ಮಾರಿದ ಮಾತೇ ಇಲ್ಲ. ಅವರನ್ನು ಕಳ್ಳರೆನ್ನಲು ನಾವು ಒಲ್ಲೆವು. ಆದರೆ ಆ ಬೀಜದ ಫಲವನ್ನು ಉಂಡ ನಾವು ಸಾಲಗಾರರಲ್ಲವೆಂದು ಹೇಳುವುದು ಹೇಗೆ?

ಸಾಲ ತೀರಿದೆ ಎನ್ನುವವರ ಬಳಿಯೂ ಆಧಾರವಿದೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿದ ಎಲೆತುಕ್ಕು ರೋಗ ಬೇಗನೆ ಇಲ್ಲಿಗೂ ಬಂದು ತೋಟಗಳನ್ನು ಹಾಳುಗೆಡವಿತು. ಅದನ್ನು ತಾಳಿಕೊಂಡ ಗಿಡವನ್ನು 1911ರಲ್ಲಿ ಕೆಂಟ್ ಎಂಬ ತೋಟಗಾರರು ಆರಿಸಿದರು. ಆ ತಳಿ ಪೂರ್ವ ಆಫ್ರಿಕಕ್ಕೂ ಹೋಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ತಳಿಯನ್ನು ಇಂಡೋನೇಷ್ಯದವರೂ ಬೆಳೆದರು. ಬಚ್ಚಿಟ್ಟು ತಂದ ಬೀಜದ ಮಕ್ಕಳು ಬಹಿರಂಗವಾಗಿ ಹೊರಟವು. ಸಂತೋಷವೇ. ಆದರೆ ಪಡೆದದ್ದು ಒಬ್ಬರಿಂದ, ಕೊಟ್ಟದ್ದು ಮತ್ತೊಬ್ಬರಿಗೆ. ಈ ಲೆಕ್ಕವನ್ನು ಯಾವ ಶಾನುಭೋಗನೂ ಒಪ್ಪಲಾರ.

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಅನ್ನವಿಕ್ಕುತ್ತಾರೆ. ಆ ಪಂಕ್ತಿಗೆ ಹೊಸಬನೊಬ್ಬ ಬಂದರೆ ಮೊದಲು ಕುಳಿತವನ ಎಲೆ ಬರಿದಾಗದು. ಪೇಟೆಯ ಪಂಕ್ತಿ ಹಾಗಲ್ಲ. 2001ರ ಸುಮಾರಿನಲ್ಲಿ ವಿಯಟ್ನಾಮಿನ ಕಾಫಿ ಹೇರಳವಾಗಿ ಬಂದು ಬೆಲೆ ಕುಸಿದಾಗ, ಬೆಳೆಗಾರ ಭಕ್ತರು ಕೆಲವರು ಮಠಕ್ಕೆ ಬಂದು, ಎಲ್ಲಿಯವರೋ ನಮ್ಮ ಅನ್ನ ಕಸಿದರೆಂದು ದುಃಖಿಸಿದರು. ಯೆಮನ್ನಿನವನೂ ಒಂದು ಕಾಲಕ್ಕೆ ಹೀಗೆಯೇ ನುಡಿದಿರಬಹುದೆಂದು ನಾವು ಹೇಳಿದೆವು. ಅವರಲ್ಲಿ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಬುದ್ಧೀ, ಅವರ ಸೀಮೆಯಲ್ಲಿ ಈಗಲೂ ಕಾಫಿ ಬೆಳೆಯುತ್ತಾರೆಯೆ?" ಎಂದು ಕೇಳಿದರು.

ಬೆಳೆಯುತ್ತಾರೆ, ಬೆಟ್ಟದ ಮೆಟ್ಟಿಲುಹೊಲಗಳಲ್ಲಿ, ಸ್ವಲ್ಪ ಎಂದೆವು.