ಊರುಗೋಲಿನ ಧರ್ಮ

ವಿವಾಹಕಾಲದಲ್ಲಿ ವಧೂವರರು ಅಗ್ನಿಸಾಕ್ಷಿಯಾಗಿ ಏಳು ಹೆಜ್ಜೆಗಳನ್ನು ಜೊತೆಯಾಗಿ ಇಡುವರು. ಆ ಏಳು ಹೆಜ್ಜೆಗಳಿಂದಲೇ ಸಖ್ಯವು ಸಿದ್ಧಿಸುವುದೆಂದು ನಮ್ಮ ಹಿರಿಯರು ತಿಳಿದಿದ್ದರು. ಆದರೆ ಬಾಳಿನ ನಡುದಾರಿಯಲ್ಲಿ ಇಬ್ಬರಲ್ಲೊಬ್ಬರ ಕಾಲೇ ಸೋತು ನಿಂತರೆ ಮತ್ತೊಬ್ಬರ ಧರ್ಮವೇನು? ಎತ್ತಿಕೊಳ್ಳುವುದೇ? ಕಾದು ನಿಲ್ಲುವುದೇ? ನಡೆಯೆಂದು ಒತ್ತಾಯಪಡಿಸುವುದೇ? ಉತ್ತರವು ಸುಲಭವೆಂದು ಮೇಲುನೋಟಕ್ಕೆ ತೋರುವುದು. ನನಗೂ ಹಾಗೆಯೇ ತೋರಿತ್ತು. ಕಳೆದ ವರ್ಷದ ಮಳೆಗಾಲವು ಆ ಭ್ರಮೆಯನ್ನು ಬಿಡಿಸಿತು.

ಕಂಪ್ಲಿಯ ಬಂಧುಗಳ ಮನೆಗೆ ಹೋಗಿದ್ದಾಗ ನನ್ನ ಪತ್ನಿಯು ಹಿತ್ತಿಲಿನ ಕಲ್ಲುಮೆಟ್ಟಿಲ ಮೇಲೆ ಜಾರಿಬಿದ್ದಳು. ತೊಡೆಯ ಮೂಳೆಯು ಸೊಂಟದ ಬಳಿ ಮುರಿದಿತ್ತು. ಹೊಸಪೇಟೆಯ ಆಸ್ಪತ್ರೆಯೊಂದಕ್ಕೆ ಕರೆತಂದೆವು. ಮೂರನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ಮುರಿದ ಭಾಗವನ್ನು ಲೋಹದ ಸರಳಿನಿಂದಲೂ ತಿರುಪುಗಳಿಂದಲೂ ಬಿಗಿದರು. ಮರುದಿನ ಬೆಳಿಗ್ಗೆ ನಡಿಗೆ ಕಲಿಸುವ ಹುಡುಗಿಯು ವಾಕರನ್ನು ತಂದಿಟ್ಟು, “ಅಮ್ಮಾ, ಏಳಿ” ಎಂದಳು. ನನ್ನಾಕೆಯು ಎದ್ದು ಕೂರುವಷ್ಟರಲ್ಲಿಯೇ ನರಳಿದಳು. ನಾನು ಅಡ್ಡಬಂದು, “ಇನ್ನೆರಡು ದಿನ ಮಲಗಿರಲಿ, ತಾಯಿ” ಎಂದು ಬೇಡಿಕೊಂಡೆನು. ಆ ದಿನದ ನಡಿಗೆ ತಪ್ಪಿತು. ಮರುದಿನದ್ದನ್ನೂ ನಾನೇ ತಪ್ಪಿಸಿದೆನು. ನನ್ನ ದಯಾಳುತ್ವವನ್ನು ನಾನು ಒಳಗೊಳಗೇ ಮೆಚ್ಚಿಕೊಂಡಿದ್ದೆನೆಂಬುದನ್ನೂ ಇಲ್ಲಿ ಮರೆಮಾಚಲಾರೆನು.

ಮೂರನೆಯ ದಿನ ವೈದ್ಯರು ನನ್ನನ್ನು ಹೊರಗೆ ಕರೆದು ತಿಳಿಸಿ ಹೇಳಿದರು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಎದೆಯಲ್ಲಿ ಕಫ ನಿಂತು ಜ್ವರ ಬರಬಹುದು. ಬೆನ್ನಿನಲ್ಲಿ ಹಾಸಿಗೆಹುಣ್ಣು ಏಳಬಹುದು. ವಯಸ್ಸಾದವರ ಮಾಂಸಖಂಡಗಳಂತೂ ಕೆಲವೇ ದಿನಗಳಲ್ಲಿ ಕ್ಷೀಣಿಸುವುವು. “ನೋವಿಗೆ ಔಷಧವಿದೆ, ಕಳೆದುಹೋದ ದಿನಗಳಿಗೆ ಇಲ್ಲ” ಎಂದರು. ನಾನು ತಲೆತಗ್ಗಿಸಿ ಒಳಕ್ಕೆ ಬಂದೆನು.

ಆ ರಾತ್ರಿ ನಿದ್ರೆ ಬರಲಿಲ್ಲ. ಸ್ತ್ರೀಯರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿರಲಿಲ್ಲವಾದುದರಿಂದ ಒಳಗೆ ನಾದಿನಿಯು ಮಲಗಿದ್ದಳು. ನಾನು ಓಣಿಯ ಬೆಂಚಿನ ಮೇಲಿದ್ದೆನು. ನಾನು ತಪ್ಪಿಸಿದುದು ಯಾರ ನೋವನ್ನು? ಆಕೆಯ ನೋವನ್ನೆಂದು ಲೋಕಕ್ಕೆ ಹೇಳಬಹುದು. ನಿಜವಾಗಿ ನನಗೆ ಸಹಿಸಲಾಗದಿದ್ದುದು ಆಕೆಯ ನರಳಿಕೆಯನ್ನು ಕೇಳುವ ನನ್ನ ಕಷ್ಟವನ್ನು. ಪರರ ವ್ಯಥೆಯಿಂದ ನಮಗುಂಟಾಗುವ ಕಳವಳವನ್ನು ಶಮನಮಾಡಿಕೊಳ್ಳುವುದು ಮರುಕ; ಪರರ ಹಿತಕ್ಕಾಗಿ ಆ ಕಳವಳವನ್ನು ತಾಳಿಕೊಳ್ಳುವುದು ದಯೆ. ಎರಡರ ಕಣ್ಣೀರೂ ಒಂದೇ ಬಗೆಯದಾಗಿರುವುದರಿಂದ ನಾವು ಒಂದನ್ನು ಇನ್ನೊಂದೆಂದು ಭ್ರಮಿಸುತ್ತೇವೆ.

ಇಲ್ಲಿ ಒಂದು ಆಕ್ಷೇಪವುಂಟು. ಹಿತವೆಂಬ ಹೆಸರಿನಿಂದ ನೊಂದವರನ್ನು ಇನ್ನಷ್ಟು ನೋಯಿಸಬಹುದಾದರೆ, ಕ್ರೌರ್ಯಕ್ಕೂ ದಯೆಗೂ ಭೇದವೇನು ಉಳಿಯಿತು? ಆಕ್ಷೇಪವು ನ್ಯಾಯವಾದುದೇ. ಕಾಲು ಯಾರದೋ ನೋವೂ ಅವರದೇ; ಆದುದರಿಂದ ನಿರ್ಣಯವೂ ಅವರದಾಗಿರಬೇಕು. ನನ್ನ ತಪ್ಪಿನ ಮೂಲವೂ ಇಲ್ಲಿಯೇ ಇತ್ತು. ಮಲಗಿರಲಿ ಎಂದು ನಾನು ಬೇಡಿದಾಗ ಆಕೆಯನ್ನು ಕೇಳಿರಲಿಲ್ಲ. ನಡೆಸಿರೆಂದು ಹೇಳಹೊರಟಾಗಲೂ ಕೇಳುವ ಯೋಚನೆ ನನಗೆ ಬರಲಿಲ್ಲ. ಬೆಳಿಗ್ಗೆ ಕ್ಷಮೆ ಕೇಳಿದಾಗ ಆಕೆ ಹೇಳಿದಳು: “ನಾನು ಏಳಬೇಕೆಂದೇ ಇದ್ದೆ. ನರಳಿದರೆ ಬೇಡವೆಂದು ಅರ್ಥವೇ? ನೀವು ಅಷ್ಟು ಹೆದರಿದ್ದಿರಿ. ನಿಮ್ಮನ್ನು ಸಮಾಧಾನಪಡಿಸಲು ಮಲಗಿದೆ.” ರೋಗಿಯು ಶುಶ್ರೂಷಕನನ್ನು ಸಂತೈಸುವುದಕ್ಕಾಗಿ ಮಲಗಿದ್ದಳೆಂಬುದಕ್ಕಿಂತ ನನಗೆ ಬೇರೆ ಶಿಕ್ಷೆ ಬೇಕಿರಲಿಲ್ಲ.

ನಡಿಗೆ ಕಲಿಸುವ ಕೋಣೆಗೆ ನಿತ್ಯವೂ ಸಂಡೂರಿನ ಕಡೆಯ ಅದಿರು ಲಾರಿಯ ಚಾಲಕನೊಬ್ಬನು ಬರುತ್ತಿದ್ದನು. ಅವನ ಮೊಳಕಾಲ ಕೆಳಗಿನ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅವನ ಹೆಂಡತಿಯು ಕೂಲಿಯನ್ನು ಬಿಟ್ಟು ಬಂದವಳು. ಅಲ್ಲಿ ನಿಂತ ಪ್ರತಿಯೊಂದು ದಿನವೂ ಆ ಸಂಸಾರಕ್ಕೆ ನಷ್ಟವೇ. ಆಕೆ ಗಂಡನ ಹಿಂದೆ ಒಂದು ಮೊಳ ದೂರದಲ್ಲಿ ಎರಡು ಕೈಗಳನ್ನೂ ಚಾಚಿಕೊಂಡು, ಅವನನ್ನು ಮುಟ್ಟದೆ ನಡೆಯುತ್ತಿದ್ದಳು. ಹಿಡಿದುಕೊಳ್ಳಬಾರದೇನಮ್ಮಾ ಎಂದು ಕೇಳಿದೆನು. “ಬಿದ್ರ ಹಿಡಿತೀನ್ರೀ, ಬೀಳದಿದ್ರ ಯಾಕ ಹಿಡೀಲ್ರಿ?” ಎಂದಳು. ನಾನು ರಾತ್ರಿಯೆಲ್ಲ ಹುಡುಕಿದುದು ಆ ಒಂದು ಮಾತಿನಲ್ಲಿತ್ತು. ಕೈಯನ್ನು ಸಿದ್ಧವಾಗಿಟ್ಟುಕೊಂಡೂ ತಡೆಹಿಡಿಯುವುದು ಎತ್ತಿಕೊಳ್ಳುವುದಕ್ಕಿಂತ ಕಷ್ಟವಾದ ಸೇವೆ.

ದಾಂಪತ್ಯದ ನೆರವೆಂದರೆ ಸದಾ ಅನುಕೂಲವಾಗಿ ನಡೆಯುವುದೆಂದು ನಮ್ಮ ಪೂರ್ವಿಕರೂ ಭಾವಿಸಿರಲಿಲ್ಲ. 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನು, ಗಂಡನಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬುದನ್ನು ಎಲ್ಲರೂ ಬಲ್ಲರು. ಗಂಡನು ತಂದುದನ್ನು ನಿರಾಕರಿಸಿದುದೇ ಅಲ್ಲಿ ಅವನಿಗೆ ಮಾಡಿದ ಸೇವೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಪ್ರಬಂಧವು ಅಪ್ರಾಮಾಣಿಕವಾಗುವುದು. ಮನೆಗೆ ಬಂದ ಮೇಲೆ ಮಲಪಾತ್ರೆಯನ್ನು ನಾನು ತೆಗೆಯಹೋದಾಗ ಆಕೆ ಲಜ್ಜೆಯಿಂದ ಅತ್ತಳು. ಇಪ್ಪತ್ತು ವರ್ಷಗಳ ಹಿಂದೆ ನಾನು ವಿಷಮಶೀತಜ್ವರದಿಂದ ಮಲಗಿದ್ದಾಗ ಇದೇ ಕೆಲಸವನ್ನು ಆಕೆ ವಾರಗಟ್ಟಲೆ ಮಾಡಿದ್ದಳು. ನಾನು ಅಳಲೂ ಇಲ್ಲ, ನಾಚಲೂ ಇಲ್ಲ. ಸೇವೆಯನ್ನು ಸ್ವೀಕರಿಸುವುದು ಗಂಡಸಿಗೆ ಹಕ್ಕು, ಹೆಂಗಸಿಗೆ ಅಪರಾಧ ಎಂಬ ಭಾವನೆಯನ್ನು ನಮ್ಮ ವಿದ್ಯಾವಂತ ಮನೆಗಳೇ ಬೆಳೆಸಿವೆ. ನಾನು ಹಳೆಯ ಸಾಲವನ್ನು ತೀರಿಸುತ್ತಿದ್ದೇನೆಂದು ಹೇಳಿ ಆಕೆಯನ್ನು ಸಮಾಧಾನಪಡಿಸಬಹುದಿತ್ತು. ಆದರೆ ತೀರಿದ ಸಾಲದೊಡನೆ ಸಂಬಂಧವೂ ತೀರುವುದಲ್ಲವೆ? ಆದುದರಿಂದ ಏನನ್ನೂ ಹೇಳದೆ ಪಾತ್ರೆಯನ್ನು ತೊಳೆದಿಟ್ಟೆನು. ನಾಲ್ಕನೆಯ ದಿನ ಆಕೆ ಅಳಲಿಲ್ಲ. ಪಡೆಯಲು ಕಲಿಯುವುದೂ ಒಂದು ನಡಿಗೆಯೇ.

ಆರು ತಿಂಗಳ ಬಳಿಕ, ಆಕೆಯ ಅಪೇಕ್ಷೆಯಂತೆ ಹಂಪಿಗೆ ಹೋದೆವು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನರಸಿಂಹನ ಮುಂದೆ ಬಹಳ ಹೊತ್ತು ನಿಂತೆವು. ಸುಮಾರು 6.7 ಮೀಟರು ಎತ್ತರದ ಆ ವಿಗ್ರಹವು ಲಕ್ಷ್ಮೀಸಮೇತವಾಗಿ ರಚಿತವಾದುದು. ತೊಡೆಯ ಮೇಲಿದ್ದ ದೇವಿಯು ಇಂದಿಲ್ಲ. ಭಗ್ನವಾದ ಮೊಳಕಾಲುಗಳನ್ನು ಬಂಧಿಸುವ ಯೋಗಪಟ್ಟವನ್ನು ಕಳೆದ ಶತಮಾನದಲ್ಲಿ ಪುರಾತತ್ತ್ವ ಇಲಾಖೆಯವರು ಮತ್ತೆ ಕೂಡಿಸಿದರು. ಆದರೆ ದೇವಿಯ ಒಂದು ಕೈ ಮಾತ್ರ ಸ್ವಾಮಿಯ ಬೆನ್ನಿನ ಮೇಲೆ ಹಾಗೆಯೇ ಉಳಿದಿದೆ. ಆ ಕೈ ಅವನನ್ನು ಎತ್ತಿಲ್ಲ, ತಡೆದಿಲ್ಲ, ಜೊತೆಗಿದ್ದೇನೆಂದಷ್ಟೇ ತಿಳಿಸುತ್ತಿದೆ.

ಹಿಂದಿರುಗುವಾಗ ದಾರಿ ಕಲ್ಲುಕಲ್ಲಾಗಿತ್ತು. ನಾನು ಅಭ್ಯಾಸಬಲದಿಂದ ಕೈ ನೀಡಿದೆನು. “ಇಲ್ಲಿ ಬೇಡ, ಮೆಟ್ಟಿಲ ಹತ್ತಿರ ಹಿಡಿಯುವಿರಂತೆ” ಎಂದು ಆಕೆ ಊರುಗೋಲನ್ನೂರಿ ಮುಂದೆ ನಡೆದಳು. ನಾನು ಒಂದು ಮೊಳ ಹಿಂದೆ ನಡೆದೆನು.