ಹೊಸ್ತಿಲ ಪರೀಕ್ಷೆ

ಒಳಗೆ ಕಲಿಸಬಹುದಾದ ವಿದ್ಯೆಯನ್ನು ಬಾಗಿಲಲ್ಲೇ ಕೇಳುವುದು ನ್ಯಾಯವೆ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದವಳು ನೆರೆಮನೆಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು, ವಕೀಲಳಾಗಬೇಕೆಂಬ ಹಂಬಲ. ನಾಗರಭಾವಿಯ ಕಾನೂನು ಶಾಲೆಯೇ ಮೊದಲಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ನಡೆಯುವ ‘ಕ್ಲಾಟ್’ ಪ್ರವೇಶಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ.

ಒಂದು ಸಂಜೆ ಅಭ್ಯಾಸದ ಪ್ರಶ್ನೆಪತ್ರಿಕೆ ಹಿಡಿದು ಬಂದಳು. ಅಂಗಡಿಯ ಒದ್ದೆ ನೆಲದ ಮೇಲೆ ಗಿರಾಕಿ ಜಾರಿ ಬಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆ. ಅದರ ಹಿಂದೆ ಉದ್ದನೆಯ ಇಂಗ್ಲಿಷು ಗದ್ಯ. ನಾನು ಅದರ ಸಾರವನ್ನು ಕನ್ನಡದಲ್ಲಿ ಹೇಳಿದೆ. ಥಟ್ಟನೆ ಸರಿಯುತ್ತರ ಕೊಟ್ಟು, ಕಾರಣವನ್ನೂ ವಿವರಿಸಿದಳು. “ಗೊತ್ತಿಲ್ಲದ್ದೇನೂ ಅಲ್ಲ ಮೇಷ್ಟ್ರೇ, ಓದಿ ಮುಗಿಸುವಷ್ಟರಲ್ಲಿ ಹೊತ್ತೇ ಆಗಿಹೋಗುತ್ತದೆ” ಎಂದಳು.

ಹೌದು, 120 ಪ್ರಶ್ನೆಗಳಿಗೆ 120 ನಿಮಿಷ. ಪ್ರತಿಯೊಂದು ತಪ್ಪಿಗೂ ಕಾಲು ಅಂಕ ಖೋತಾ. ಎಲ್ಲವೂ ಇಂಗ್ಲಿಷಿನಲ್ಲಿ.

ಪರೀಕ್ಷೆಯನ್ನು ಹಳಿಯುವುದು ಸುಲಭ. ಆದರೆ 2008ರಲ್ಲಿ ಇದು ಆರಂಭವಾಗುವ ಮೊದಲು ವಿದ್ಯಾರ್ಥಿಗಳು ಒಂದೊಂದು ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಪರೀಕ್ಷೆ ಬರೆಯಬೇಕಾಗಿತ್ತು. ಆ ಅಲೆದಾಟ ತಪ್ಪಿತು. ಉತ್ತರಪತ್ರಿಕೆಗೆ ತಂದೆಯ ಹೆಸರಿನ ಶಿಫಾರಸು ನಾಟುವುದಿಲ್ಲ. ಅದೂ ಒಂದು ನ್ಯಾಯವೇ. ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷೆಂದು ಸಂವಿಧಾನದ 348ನೆಯ ವಿಧಿಯೇ ಹೇಳಿರುವಾಗ, ವಕೀಲನಿಗೆ ಇಂಗ್ಲಿಷು ಬೇಡವೆಂದು ಕನ್ನಡ ಕಲಿಸುವ ನಾನೂ ವಾದಿಸಲಾರೆ.

ನನ್ನ ತಕರಾರು ಬೇರೆ. ವ್ಯಾಸಂಗ ಐದು ವರ್ಷದ್ದು. ಅಷ್ಟರಲ್ಲಿ ಚುರುಕಾದ ಹುಡುಗಿಗೆ ಇಂಗ್ಲಿಷನ್ನು ಖಂಡಿತ ಕಲಿಸಬಹುದು. ಆದರೆ ಕಷ್ಟ ಹೇಳಿಕೊಳ್ಳಲು ಬಂದವರ ಮಾತನ್ನು ತಾಳ್ಮೆಯಿಂದ ಕೇಳುವ ಗುಣವನ್ನು ಅಷ್ಟು ಸುಲಭವಾಗಿ ಕಲಿಸಬಹುದೆ? ಅದನ್ನು ಪರೀಕ್ಷೆಯಲ್ಲಿ ಅಳೆಯಲಾಗುವುದಿಲ್ಲ, ನಿಜ. ಅಳೆಯಲಾಗದ್ದನ್ನು ಬಿಟ್ಟದ್ದು ಅನಿವಾರ್ಯ. ಕಲಿಸಬಹುದಾದದ್ದನ್ನೇ ಅರ್ಹತೆಯೆಂದು ಕರೆದದ್ದು ಅನಿವಾರ್ಯವಲ್ಲ. ತಾಲ್ಲೂಕು ನ್ಯಾಯಾಲಯದ ಜಗಲಿಯಲ್ಲಿ ಜಮೀನಿನ ಕಾಗದ ಹಿಡಿದು ಕೂತ ಮುದುಕಿ ತನ್ನ ಕಥೆಯನ್ನು ಕನ್ನಡದಲ್ಲೇ ಹೇಳುತ್ತಾಳೆ. ಅದನ್ನು ಅರಿಯಬಲ್ಲವಳು ಹೊಸ್ತಿಲಲ್ಲೇ ಉಳಿದರೆ ನಷ್ಟ ಯಾರಿಗೆ? ಹುಡುಗಿಗೊಬ್ಬಳಿಗೇ ಅಲ್ಲ.

ಸೋತವರು ಅಯೋಗ್ಯರೆಂದು ನಾವು ನಂಬಿಬಿಡುತ್ತೇವೆ, ಅವರೂ ನಂಬುತ್ತಾರೆ. ನನಗೆ ಭಯವಿರುವುದು ಅದರದೇ.

ಸದ್ಯಕ್ಕೆ, ಕನ್ನಡ ಮೇಷ್ಟರಾದ ನಾನು ದಿನವೂ ಸಂಜೆ ಗಡಿಯಾರ ಮುಂದಿಟ್ಟುಕೊಂಡು ಅವಳಿಗೆ ಇಂಗ್ಲಿಷು ಓದಿಸುತ್ತಿದ್ದೇನೆ. ನಿಯಮ ಬದಲಾಗುವವರೆಗೆ ಅವಳ ವಯಸ್ಸು ಕಾಯುವುದಿಲ್ಲವಲ್ಲ!